ಐದನೆಯ ರಾತ್ರಿ

ನಮ್ಮ ಕಡೆ ಯಾರಾದರೂ ತಾಳ ತಪ್ಪಿ ಮಾತಾಡಿದರೆ, ‘ಇವನ್ನ ಧಾರವಾಡಕ್ಕ ಕಳಸ್ರಿ’ ಅಂತಾರೆ. ಧಾರವಾಡದಲ್ಲಿ ಎಲ್ಲಿಗೆ ಎಂದು ಯಾರೂ ಬಿಡಿಸಿ ಕೇಳುವುದಿಲ್ಲ. 1845ರಲ್ಲಿ ಬ್ರಿಟಿಷರ ಕಾಲಕ್ಕೆ ಶುರುವಾದ ಅಲ್ಲಿನ ಹುಚ್ಚಾಸ್ಪತ್ರೆ ಇವತ್ತು ಡಿಮ್ಹಾನ್ಸ್ ಎಂಬ ದೊಡ್ಡ ಸಂಸ್ಥೆಯಾಗಿದೆ. ಮಾತು ಮಾತ್ರ ಹಾಗೇ ಉಳಿದಿದೆ. ಸಣ್ಣವಳಿದ್ದಾಗ ನಾನೂ ಆ ಮಾತು ಆಡಿದ್ದೇನೆ. 2014ರ ಆಗಸ್ಟಿನಲ್ಲಿ, ಹಡೆದ ಒಂಬತ್ತನೆಯ ದಿನ, ನನ್ನನ್ನೇ ಧಾರವಾಡಕ್ಕೆ ಕಳಿಸಿದರು.

ಇದನ್ನು ಬರೆಯಲು ಹತ್ತು ವರ್ಷಕ್ಕೂ ಹೆಚ್ಚು ಕಾದೆ. ಹೆಸರು ಹಾಕುತ್ತಿಲ್ಲ. ಮಗಳು ಶಾಲೆಗೆ ಹೋಗುತ್ತಾಳೆ, ಅವಳನ್ನು ಯಾರೂ ಬೊಟ್ಟು ಮಾಡಿ ತೋರಿಸಬಾರದು.

ನನ್ನ ತವರು ಲಕ್ಷ್ಮೇಶ್ವರ, ಸೋಮೇಶ್ವರ ಗುಡಿಯಿಂದ ನಾಲ್ಕು ಓಣಿ ಆಚೆ. ಆಗ ನಮ್ಮೂರು ಇನ್ನೂ ತಾಲ್ಲೂಕಾಗಿರಲಿಲ್ಲ, ಶಿರಹಟ್ಟಿ ತಾಲ್ಲೂಕಿನಲ್ಲಿತ್ತು. ಗಂಡನ ಮನೆ ಬೆಟಗೇರಿ. ಮಗ್ಗದ ಮನೆ, ಬೆಳಗಿನಿಂದ ರಾತ್ರಿಯವರೆಗೆ ಪವರ್‌ಲೂಮಿನ ಖಟಖಟ. ಮದುವೆಯಾದ ಮೇಲೆ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿ ಕನ್ನಡ ಕಲಿಸುತ್ತಿದ್ದೆ. ಅತಿಥಿ ಶಿಕ್ಷಕಿಗೆ ಅಲ್ಲಿ ಹೆರಿಗೆ ರಜೆ ಎನ್ನುವುದು ಇರಲಿಲ್ಲ. ಜೂನಿನಲ್ಲಿ ಶಾಲೆ ಶುರುವಾದಾಗ ನನಗೆ ಏಳು ತಿಂಗಳು, ಹೋಗಲಾಗಲಿಲ್ಲ. ಆ ಜಾಗ ಮತ್ತೆ ಸಿಗಲೂ ಇಲ್ಲ.

ಅದೇ ತಿಂಗಳು ಕುಬಸ ಮಾಡಿದರು. ಹಸಿರು ಸೀರೆ, ಮೊಣಕೈ ತನಕ ಹಸಿರು ಬಳೆ. ಬೆಟಗೇರಿಯ ಹೆಣ್ಣುಮಕ್ಕಳೆಲ್ಲ ಸರದಿಯಲ್ಲಿ ಬಂದು ಉಡಿ ತುಂಬಿದರು. ನನಗಿಂತ ಮೂವತ್ತು ವರ್ಷ ಹಿರಿಯರು ಬಗ್ಗಿ ನನ್ನ ಹೊಟ್ಟೆಗೆ ಕೈಮುಗಿದರು. ಆ ದಿನ ನಾನು ಏನು ಬೇಡಿದರೂ ಕೊಡುತ್ತಿದ್ದರು. ಎರಡೇ ತಿಂಗಳ ನಂತರ ಅದೇ ಹೆಂಗಸರು ನನ್ನನ್ನು ಕಂಡು ತಮ್ಮ ಮೊಮ್ಮಕ್ಕಳನ್ನು ಒಳಗೆ ಎಳೆದುಕೊಂಡರು.

ತಾಯಿ ಕಾರ್ಡಿನಲ್ಲಿ ಎಲ್ಲಾ ಬರೆದಿದ್ದರು: ತೂಕ, ಬಿ.ಪಿ., ಹಿಮೋಗ್ಲೋಬಿನ್, ಕಬ್ಬಿಣದ ಗುಳಿಗೆ ಎಷ್ಟು ಕೊಟ್ಟರು, ಟಿ.ಟಿ. ಇಂಜೆಕ್ಷನ್ ಯಾವಾಗ. ‘ರಾತ್ರಿ ನಿದ್ದಿ ಬರತೈತೇನವಾ’ ಎಂದು ಒಬ್ಬರೂ ಕೇಳಲಿಲ್ಲ. ‘ನಿಮ್ಮ ಮನಿತನದಾಗ ಯಾರಿಗರ ಬಾಣಂತಿ ಸನ್ನಿ ಆಗಿತ್ತೇನು’ ಎಂದೂ ಕೇಳಲಿಲ್ಲ. ಕೇಳಿದ್ದರೂ ನನ್ನ ಅವ್ವ ಇಲ್ಲ ಎನ್ನುತ್ತಿದ್ದಳು. ಯಾಕೆಂದು ಮುಂದೆ ಹೇಳುತ್ತೇನೆ.

ಪಂಚಮಿ ಮುಗಿದ ವಾರಕ್ಕೆ ಹಡೆದೆ. ಹಿಂದಿನ ದಿನ ಬೆಳಗ್ಗೆ ಶುರುವಾದ ಬ್ಯಾನಿ, ಮರುದಿನ ಸೂರ್ಯ ಹುಟ್ಟುವಾಗ ಮುಗಿಯಿತು. ಹೆಣ್ಣು ಕೂಸು. ‘ಮೊದಲನೇದು ಲಕ್ಷ್ಮಿ, ಇರಲಿ’ ಅಂದರು. ಆ ‘ಇರಲಿ’ಯನ್ನು ಹೇಗೆ ಹೇಳುತ್ತಾರೆಂದು ಹೆಣ್ಣು ಹಡೆದವರಿಗೆ ಗೊತ್ತು.

ಬಾಣಂತಿ ಕೋಣೆಯನ್ನು ಅವ್ವ ತಿಂಗಳು ಮೊದಲೇ ಸಿದ್ಧ ಮಾಡಿದ್ದಳು. ಕಿಟಕಿಗೆ ಗೋಣಿಚೀಲ ಕಟ್ಟಿ ಗಾಳಿ ಬರದಂತೆ ಮಾಡಿದ್ದಳು. ಹೊರಸಿನ ಕೆಳಗೆ ಕೆಂಡ ಇಟ್ಟು ಲೋಬಾನ ಹಾಕುತ್ತಿದ್ದರು. ಕಿವಿಗೆ ಅರಳೆ, ತಲೆಗೆ ಬಿಗಿಯಾಗಿ ಸ್ಕಾರ್ಫು. ಅಳವಿ ಪಾಯಸ, ಅಂಟಿನ ಉಂಡಿ, ಬಿಸಿ ಅನ್ನಕ್ಕೆ ತುಪ್ಪ. ಇಷ್ಟೆಲ್ಲ ಪ್ರೀತಿಯಿಂದ ಮಾಡಿದವರನ್ನು ನಾನು ದೂರುವುದಿಲ್ಲ. ಅವ್ವ ತನ್ನ ಕಾಲಿನ ನೋವು ಮರೆತು ನನಗೆ ಎಣ್ಣೆ ತಿಕ್ಕಿ ಎರೆದಳು. ನನ್ನ ದೇಹಕ್ಕೆ ಏನೇನು ಬೇಕೋ ಅದೆಲ್ಲ ಆ ಕೋಣೆಗೆ ಬಂತು. ನಿದ್ದೆ ಒಂದು ಬರಲಿಲ್ಲ.

ಹಗಲು ನೋಡಲು ಬರುವವರು. ಬಂದವರ ಎದುರು ಬಾಣಂತಿ ಮಲಗಿದ್ದರೆ ಚೆಂದ ಕಾಣುವುದಿಲ್ಲ ಎಂದು ಎದ್ದು ಕೂಡುತ್ತಿದ್ದೆ. ರಾತ್ರಿ ಕೂಸು ತಾಸಿಗೊಮ್ಮೆ ಅಳುತ್ತಿತ್ತು. ಮೊದಲ ಎರಡು ದಿನ ಹಾಲು ಸರಿಯಾಗಿ ಇಳಿಯಲಿಲ್ಲ. ಬಂದವರೆಲ್ಲ ಅದನ್ನೇ ಕೇಳಿದರು. ‘ಹಾಲು ಬಂತೇನ? ಇನ್ನೂ ಇಲ್ಲಾ? ನಮಗ ಹಡದ ತಾಸಿಗೆ ಸೀರಿ ತೋಯ್ಸಿತ್ತು.’ ಮೂರನೆಯ ದಿನ ಹಾಲು ಬಂತು, ನಿದ್ದೆ ಪೂರ್ತಿ ಹೋಯಿತು. ಕೂಸು ಮಲಗಿದಾಗಲೂ ನನ್ನ ಕಣ್ಣು ಮುಚ್ಚುತ್ತಿರಲಿಲ್ಲ. ಅದು ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿದು ಕೂಡುತ್ತಿದ್ದೆ. ನಾಲ್ಕನೆಯ ದಿನ ಮೈಯಲ್ಲಿ ಎಲ್ಲಿಲ್ಲದ ಹುರುಪು. ಮಾತು ನಿಲ್ಲುತ್ತಿರಲಿಲ್ಲ. ಮಡಚಿಟ್ಟ ಅರಿವೆಗಳನ್ನೇ ಬಿಚ್ಚಿ ಮತ್ತೆ ಮಡಚಿದೆ, ಐದು ಸಲ, ಆರು ಸಲ. ‘ನೋಡ್ರಿ, ಹಡದ ನಾಕ ದಿನಕ್ಕ ಎಷ್ಟು ಚುರುಕದಾಳ’ ಎಂದು ಅವ್ವ ಬಂದವರಿಗೆ ಹೇಳಿದಳು. ಅದೇ ಜಡ್ಡಿನ ಮೊದಲ ಗುರುತು ಎಂದು ಯಾರಿಗೆ ತಿಳಿಯಬೇಕು?

ಐದನೆಯ ದಿನ ನಮ್ಮಲ್ಲಿ ಸಟವಿಯನ್ನು ಪೂಜಿಸುತ್ತಾರೆ. ಆ ರಾತ್ರಿ ತಾಯಿ ಸಟವಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ ಎಂಬ ನಂಬಿಕೆ. ಮಣೆಯ ಮೇಲೆ ಹೊಸ ಖಣ ಹಾಸಿ, ಅದರ ಮೇಲೆ ಬಿಳಿ ಹಾಳೆ, ಹಾಳೆಯ ಮೇಲೆ ಪೆನ್ನು ಇಟ್ಟರು. ನನ್ನದೇ ಪೆನ್ನು, ಪೇಪರು ತಿದ್ದುವ ಕೆಂಪು ಶಾಯಿಯದು. ರಾತ್ರಿಯಿಡೀ ದೀಪ ಆರಬಾರದು. ಎಲ್ಲರೂ ದಣಿದು ಮಲಗಿದರು. ನಾನು ದೀಪ ನೋಡುತ್ತಾ ಕೂತೆ.

ಎಷ್ಟು ಹೊತ್ತಿಗೋ ಹಾಳೆಯಲ್ಲಿ ಅಕ್ಷರ ಮೂಡಿದವು. ಇದನ್ನು ಓದುವವರಿಗೆ ಅದು ಭ್ರಮೆ. ನನಗೆ ಅವತ್ತು ಈ ಸಾಲಿನಷ್ಟೇ ನಿಚ್ಚಳ. ಕೆಂಪು ಶಾಯಿ, ನನ್ನದೇ ಕೈಬರಹದಂಥ ಬರಹ, ಒತ್ತಕ್ಷರಗಳು ಕೂಡ ತಪ್ಪಿಲ್ಲದೆ ಇದ್ದವು. ಬೆಳಗಾಗುವುದರೊಳಗೆ ಕೂಸನ್ನು ಒಯ್ಯುತ್ತಾರೆ ಎಂದಿತ್ತು. ಯಾರು ಎಂದು ಇರಲಿಲ್ಲ.

ನಾನು ಕೂಸನ್ನು ಉಳಿಸಬೇಕಿತ್ತು. ಇಷ್ಟು ವರ್ಷ ಯಾರಿಗೂ ತಿಳಿಸಿ ಹೇಳಲಾಗದೆ ಹೋದ ಮಾತು ಇದೊಂದೇ. ಕೊಲ್ಲಲು ಹೋದವಳಲ್ಲ, ಉಳಿಸಲು ಹೋದವಳು.

ಆದಯ್ಯ ಸೌರಾಷ್ಟ್ರಕ್ಕೆ ಹೋಗಿ ಸೋಮನಾಥನನ್ನು ಪುಲಿಗೆರೆಗೆ ಕರೆತಂದ ಕಥೆಯನ್ನು ನಮ್ಮೂರ ಮಕ್ಕಳಿಗೆ ಅನ್ನದ ಜೊತೆ ಉಣಿಸುತ್ತಾರೆ. ಪುಲಿಗೆರೆ ಅಂದರೆ ಈ ಲಕ್ಷ್ಮೇಶ್ವರವೇ. ಗುಡಿಯಲ್ಲಿ ಬರೀ ಲಿಂಗವಲ್ಲ, ಶಿವ ಪಾರ್ವತಿ ಇಬ್ಬರೂ ನಂದಿಯ ಮೇಲೆ ಕೂತಿರುವ ಮೂರ್ತಿ. ಸಣ್ಣವಳಿದ್ದಾಗಿನಿಂದ ನೋಡಿದ ಆ ಮೂರ್ತಿ ಅವತ್ತು ಕಣ್ಣ ಮುಂದೆ ಬಂತು. ಹೊರಡಲು ಸಿದ್ಧರಾಗಿ ಕೂತವರು, ನನ್ನ ಕೂಸನ್ನು ನಡುವೆ ಕೂಡಿಸಿಕೊಂಡು ಯಾರ ಕೈಗೂ ಸಿಗದ ಕಡೆ ಒಯ್ಯುತ್ತಾರೆ ಎನಿಸಿತು. ಮಣೆಯ ಮೇಲಿನ ಖಣದಲ್ಲಿ ಕೂಸನ್ನು ಸುತ್ತಿದೆ. ಸೆರಗು ಹೊದಿಸಿದೆ. ಅವ್ವನನ್ನು ದಾಟಿ, ಅಗಳಿ ತೆಗೆದು ಹೊರಗೆ ಬಂದೆ. ಮಳೆ ಇತ್ತು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಗುಡಿಯ ಬಾಗಿಲು ಮುಚ್ಚಿತ್ತು. ಅಲ್ಲೇ ಕಟ್ಟೆಗೆ ಆತು ಕೂತೆ. ಬೆಳಗಿನ ಐದಕ್ಕೆ ಹಾಲು ಹಾಕಲು ಹೊರಟವರು ಕಂಡು ಮನೆಗೆ ಸುದ್ದಿ ಮುಟ್ಟಿಸಿದರು. ಆಗ ನಾನು ಬಾಗಿಲಿಗೆ ಮುಖ ಹಚ್ಚಿ ಏನೋ ಹಾಡುತ್ತಿದ್ದೆನಂತೆ. ಕೂಸು ಪೂರಾ ತೊಯ್ದಿತ್ತು, ಅಳುವುದನ್ನೂ ಬಿಟ್ಟಿತ್ತು.

ಕೂಸಿಗೆ ಥಂಡಿ ಹತ್ತಿ ಎದೆ ಕಟ್ಟಿತು. ಗದಗಿನಲ್ಲಿ ನಾಲ್ಕು ದಿನ ದವಾಖಾನೆಯಲ್ಲಿಟ್ಟರು. ಉಳಿಯಿತು. ಉಳಿಯದಿದ್ದರೆ ನಾನು ಇದನ್ನು ಬರೆಯಲು ಇರುತ್ತಿರಲಿಲ್ಲ.

ಆ ನಾಲ್ಕು ದಿನ ನನಗೆ ಆಗಿದ್ದು ತುಣುಕು ತುಣುಕಾಗಿ ನೆನಪಿದೆ. ‘ಹಸಿ ಮೈ, ಗಾಳಿ ಸೋಕೇತಿ’ ಅಂದರು. ಹೇಳಿಕೆ ಹೇಳುವ ಒಬ್ಬಾತನನ್ನು ಕರೆಸಿದರು. ಕೆಂಡದ ಮೇಲೆ ಒಣಮೆಣಸಿನಕಾಯಿ ಸುರಿದು ನನ್ನ ಮುಖವನ್ನು ಹೊಗೆಗೆ ಹಿಡಿದರು. ಬೇವಿನ ಟೊಂಗೆಯ ಏಟಿಗೆ ಬೆನ್ನಿನ ಮೇಲೆ ಬಾಸುಂಡೆ ಎದ್ದವು. ಹಿಡಿದುಕೊಂಡವರಲ್ಲಿ ಅವ್ವನೂ ಇದ್ದಳು, ಅಳುತ್ತಾ ಹಿಡಿದಿದ್ದಳು. ಹಾಲು ತುಂಬಿದ ಎದೆ ಕಲ್ಲಾಗಿತ್ತು. ‘ಕೂಸು ಎಲ್ಲೈತಿ’ ಎಂದರೆ ‘ನಿನಗ್ಯಾಕ ಕೂಸು’ ಎಂದವರು ಯಾರೋ ನೆನಪಿಲ್ಲ. ದನಿ ಮಾತ್ರ ನೆನಪಿದೆ.

ಕಡೆಗೆ ನಮ್ಮ ಓಣಿಯ ಆಶಾ ಅಕ್ಕ ಬಂದು ಜಗಳ ಮಾಡಿದಳು. ‘ಯಕ್ಕಾ, ಇದು ಗಾಳಿ ಅಲ್ಲ, ಜಡ್ಡು. ಇವತ್ತ ಹೊಂಡ್ರಿ, ನಾಳಿ ಅನಬ್ಯಾಡ್ರಿ’ ಎಂದು ಅವ್ವನ ಕೈ ಹಿಡಿದಳಂತೆ. ಅಪ್ಪ ಟಂಟಂ ಮಾಡಿಸಿಕೊಂಡು ಬಂದ. ಗುಡಗೇರಿ, ಕುಂದಗೋಳ, ಹುಬ್ಬಳ್ಳಿ ದಾಟಿ ಧಾರವಾಡ. ಹೊಲಗಳಲ್ಲಿ ಹೆಸರು ಬಿಡಿಸುವ ಹೆಂಗಸರು ತಲೆ ಎತ್ತಿ ನೋಡುತ್ತಿದ್ದರು. ಅವರೆಲ್ಲ ನನ್ನ ಕೂಸಿನ ಸುದ್ದಿ ತಿಳಿದವರೇ ಎಂದು ನನಗೆ ಖಾತ್ರಿಯಾಗಿತ್ತು.

ಅಲ್ಲಿ ಇಂಜೆಕ್ಷನ್ ಕೊಟ್ಟು ಮಲಗಿಸಿದರು. ಹದಿನಾಲ್ಕು ತಾಸು ಮಲಗಿದೆನಂತೆ. ಹಡೆದ ಮೇಲೆ ಮೊದಲ ನಿದ್ದೆ ಅದು.

ಗುಳಿಗೆ ಶುರುವಾದ ಮೇಲೆ ಹಾಲು ಬಿಡಿಸಬೇಕೆಂದರು. ಹೊರಗಿನಿಂದ ಅವ್ವ ಎರಡು ಮಾರು ಮಲ್ಲಿಗೆ ದಂಡೆ ತಂದಳು. ಹಾಲು ಬತ್ತಿಸಲು ಹಿರಿಯರು ಹೀಗೆ ಮಾಡುತ್ತಿದ್ದರು. ನನ್ನ ರವಿಕೆ ಬಿಚ್ಚಿ, ಹೂವನ್ನು ಎದೆಯ ಸುತ್ತ ಹಾಸಿ, ಹಳೆಯ ಧೋತರದ ತುಂಡಿನಿಂದ ಬಿಗಿದು ಕಟ್ಟಿದಳು. ಕಟ್ಟುವಾಗ ಅವಳ ಬೆರಳು ನಡುಗುತ್ತಿದ್ದವು. ರಾತ್ರಿ ಹೂ ಮೈ ಬಿಸಿಗೆ ಬಾಡಿ, ಹಾಲಿಗೆ ನೆನೆದು, ಹುಳಿ ವಾಸನೆ ಬಂತು. ಬೆಳಗ್ಗೆ ಬಿಚ್ಚಿದಾಗ ಮೊಗ್ಗುಗಳ ಗುರುತು ಚರ್ಮದ ಮೇಲೆ ಹಾಗೇ ಒತ್ತಿ ಉಳಿದಿತ್ತು. ಮೂರು ದಿನ ಹೂ ಬದಲಿಸಿದೆವು. ನಾಲ್ಕನೆಯ ದಿನ ಎದೆ ಮೆತ್ತಗಾಯಿತು. ಗದಗಿನಲ್ಲಿ ನನ್ನ ಮಗಳು ಪಾಕೀಟಿನ ಹಾಲು ಕುಡಿಯುತ್ತಿದ್ದಳು. ಇವತ್ತಿಗೂ ನಾನು ಮಲ್ಲಿಗೆ ಮುಡಿಯುವುದಿಲ್ಲ.

ಒಬ್ಬ ಡಾಕ್ಟರಮ್ಮ ದಿನಾ ಬಂದು ಹೊರಸಿನ ಅಂಚಿಗೆ ಕೂತು ಮಾತಾಡುತ್ತಿದ್ದರು. ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಹೀಗಾಗುತ್ತದೆ, ಹೆಚ್ಚಾಗಿ ಹಡೆದ ಎರಡು ವಾರದೊಳಗೇ ಕಾಣಿಸಿಕೊಳ್ಳುತ್ತದೆ, ಬೇಗ ಬಂದರೆ ಪೂರಾ ವಾಸಿಯಾಗುತ್ತದೆ ಎಂದರು. ‘ಇದು ನಿಮ್ಮ ಗುಣ ಅಲ್ಲರೀ, ನಿಮಗ ಬಂದ ಜಡ್ಡು’ ಎಂದರು. ಈ ಮಾತನ್ನು ನಾನು ಒಂದು ಚೀಟಿಯಲ್ಲಿ ಬರೆದು ಬಹಳ ದಿನ ಇಟ್ಟುಕೊಂಡಿದ್ದೆ. ಇಪ್ಪತ್ತನಾಲ್ಕನೆಯ ದಿನ ಮನೆಗೆ ಕಳಿಸಿದರು. ಅಷ್ಟು ದಿನ ಕೂಸನ್ನು ನನ್ನ ಹತ್ತಿರ ಇಡಬಹುದೇನೋ ಎಂದು ನಮ್ಮ ಮನೆಯವರಿಗೆ ಯಾರಿಗೂ ಹೊಳೆಯಲಿಲ್ಲ. ಯಾರೂ ಕೇಳಲೂ ಇಲ್ಲ.

ಬಹಳ ವರ್ಷಗಳ ಮೇಲೆ ತಿಳಿಯಿತು. ನನ್ನ ಹೆರಿಗೆಗೂ ಐದು ವರ್ಷ ಮೊದಲೇ, 2009ರಲ್ಲಿ, ಬೆಂಗಳೂರಿನ ನಿಮ್ಹಾನ್ಸಿನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡು ಶುರುವಾಗಿತ್ತು. ಒಂದು ರಾತ್ರಿ ಬಸ್ಸಿನ ದಾರಿ. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ, ಚಿಕಿತ್ಸೆಗೆ ಸೇರಿದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡಬಾರದು, ಮಗುವಿಗೆ ಅಪಾಯವೆಂದು ಡಾಕ್ಟರು ಕಂಡರಷ್ಟೇ ಮಾಡಬೇಕು, ಮಾಡಿದರೂ ತಾಯಿ ಮಗುವನ್ನು ನೋಡಲು ಬಿಡಬೇಕು ಎಂದು ಬರೆದಿದ್ದಾರೆ. ಆ ಕಲಮನ್ನು ಓದಿದ ದಿನ ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತಿದ್ದೆ. ಬೆಲ್ ಹೊಡೆದರೂ ಏಳಲಾಗಲಿಲ್ಲ.

ಗದಗಿನ ದವಾಖಾನೆಯಿಂದ ಕೂಸನ್ನು ನೇರ ಬೆಟಗೇರಿಗೆ ಒಯ್ದಿದ್ದರು. ನಾನು ಲಕ್ಷ್ಮೇಶ್ವರಕ್ಕೆ ಬಂದೆ. ತೊಟ್ಟಿಲಿಗೆ ಹಾಕಿದ್ದನ್ನೂ, ಹೆಸರಿಟ್ಟದ್ದನ್ನೂ ನನಗೆ ಆಮೇಲೆ ಹೇಳಿದರು. ಮಗಳ ಹೆಸರು ಏನೆಂದು ಫೋನಿನಲ್ಲಿ ಕೇಳಿ ತಿಳಿದ ತಾಯಿ ನಾನು.

ಮೂರು ತಿಂಗಳಿಗೆ ಹಿರಿಯರು ಕೂಡಿದರು. ಬೆಟಗೇರಿಯಿಂದ ಆರು ಮಂದಿ, ನಮ್ಮ ಕಡೆಯವರು ನಾಲ್ವರು. ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಒಬ್ಬರೂ ನನ್ನನ್ನು ಕರೆದು ಕೇಳಲಿಲ್ಲ.

‘ಹುಚ್ಚಿನ್ನ ಮುಚ್ಚಿಟ್ಟು ಕೊಟ್ರಿ’ ಅಂದರು. ‘ಹಡದ ಕೂಸನ್ನ ಮಳ್ಯಾಗ ಹಾಕಿ ಬಂದಾಳಂದ್ರ ಇಕಿನ್ನ ತಾಯಿ ಅನಬೇಕೇನು? ನಾಯಿ ಸೈತ ತನ್ನ ಮರಿ ಬಿಡೂದಿಲ್ಲ.’ ಸೋಡಚೀಟಿಯ ಮಾತು ಬಂತು. ಮಗು ಅಪ್ಪನ ಕುಲದ್ದು ಎಂಬ ಮಾತು ಬಂತು. ನಮ್ಮ ಕಡೆಯ ಒಬ್ಬರು, ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕೆಂದು ಕಾಯ್ದೆ ಹೇಳುತ್ತದೆ ಎಂದರು. ಅವರು ಹೇಳಿದ್ದು ನಿಜ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆ ತಂದೆಯನ್ನು ಮೊದಲ ಪಾಲಕನೆಂದು ಬರೆದರೂ ಎಳೆಯ ಮಗುವಿನ ಮಟ್ಟಿಗೆ ಈ ಮಾತು ಸೇರಿಸಿದೆ. ‘ಅದು ತಲಿ ನೆಟ್ಟಗಿದ್ದ ತಾಯಿಗೆ’ ಎಂದು ಆ ಕಡೆಯಿಂದ ಉತ್ತರ ಬಂತು. ನಮ್ಮ ಮನೆಯವರು, ಅಂದರೆ ನನ್ನ ಗಂಡ, ಜಮಖಾನೆಯ ಅಂಚಿನ ದಾರ ಎಳೆಯುತ್ತಾ ಕೂತಿದ್ದರು. ಒಂದು ಮಾತು ಆಡಲಿಲ್ಲ. ಅವರನ್ನು ನಾನು ಕ್ಷಮಿಸಿದ್ದೇನೆ, ಮರೆತಿಲ್ಲ.

ಆಗ ಒಳಗಿನ ಕೋಣೆಯಿಂದ ನನ್ನ ಆಯಿ ಎದ್ದು ಬಂದಳು. ಅವ್ವನ ಅವ್ವ, ಎಂಬತ್ತು ದಾಟಿದ ಮುದುಕಿ. ಕೋಲು ಊರಿಕೊಂಡು ಗಂಡಸರ ನಡುವೆ ಬಂದು ನಿಂತಳು. ‘ನನಗ ಇನ್ನೊಬ್ಬಾಕಿ ಮಗಳಿದ್ಲು’ ಎಂದಳು. ಅವ್ವ, ‘ಯವ್ವಾ, ಸುಮ್ನಿರ’ ಎಂದು ಓಡಿ ಹೋಗಿ ಕೈ ಹಿಡಿದಳು. ಆಯಿ ಕೈ ಕೊಡವಿದಳು.

ನನಗೊಬ್ಬ ಚಿಕ್ಕವ್ವ ಇದ್ದಳೆಂದೂ, ಬಾಣಂತನದಲ್ಲಿದ್ದಾಗ ಹೊಲದ ಬಾವಿಗೆ ನೀರಿಗೆ ಹೋಗಿ ಕಾಲು ಜಾರಿ ಬಿದ್ದಳೆಂದೂ ನಾನು ಕೇಳಿ ಬೆಳೆದಿದ್ದೆ. ಬಾವಿಯ ಹತ್ತಿರ ಹೋಗಬೇಡ ಎನ್ನಲು ಅವ್ವ ಆ ಕಥೆ ಹೇಳುತ್ತಿದ್ದಳು.

‘ಕಾಲ ಜಾರಿ ಬಿದ್ಲು ಅಂತ ಊರಿಗೆಲ್ಲಾ ಹೇಳಿದ್ವಿ’ ಎಂದಳು ಆಯಿ. ‘ಇಪ್ಪತ್ತೊಂದ ದಿನದ ಬಾಣಂತಿ ನೀರಿಗೆ ಯಾಕ ಹೊಕ್ಕಾಳ್ರಿ? ಹದಿನೈದ ದಿನ ನಿದ್ದಿ ಮಾಡಿರಲಿಲ್ಲ ನನ್ನ ಮಗಳು. ಗ್ವಾಡಿ ಕೂಡ ಮಾತಾಡ್ತಿದ್ಲು. ಚಪ್ಪಲಿ ಬಿಚ್ಚಿ ಬಾವಿ ಕಟ್ಟಿ ಮ್ಯಾಲ ಜೋಡಿಸಿ ಇಟ್ಟಿದ್ಲು. ಕಾಲ ಜಾರಿದವರು ಚಪ್ಪಲಿ ಜೋಡಿಸಿ ಇಡತಾರೇನ್ರಿ? ನಾನ ತೊಗೊಂಡ ಬಂದು ಒಲಿಯಾಗ ಹಾಕಿದೆ, ಯಾರಿಗೂ ಕಾಣಬಾರದಂತ. ಇಕಿ ಬಾವಿಗೆ ಹೋಗಲಿಲ್ಲ, ಗುಡಿಗೆ ಹೋದ್ಲು. ದೇವರು ದೊಡ್ಡಾವ.’

ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ. ಬೆಟಗೇರಿಯಿಂದ ಬಂದವರಲ್ಲಿ ಎಲ್ಲರಿಗಿಂತ ಹಿರಿಯರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವರ ಮನೆಯಲ್ಲೂ ಬಾವಿ ಇತ್ತೇನೋ. ಸೋಡಚೀಟಿಯ ಮಾತು ಅವತ್ತಿಗೆ ನಿಂತಿತು, ಮುಂದೆಯೂ ಬರಲಿಲ್ಲ.

ಆಯಿಯ ಮಾತು ಕೇಳಿದ ಮೇಲೆ ನನಗೆ ನಮ್ಮ ಸೀಮೆಯ ಬಾವಿಗಳೆಲ್ಲ ಬೇರೆಯಾಗಿ ಕಾಣತೊಡಗಿದವು. ಕಾಲು ಜಾರಿ ಬಿದ್ದವರು, ಸ್ಟೋವ್ ಸಿಡಿದು ಸುಟ್ಟುಕೊಂಡವರು, ಹೊಟ್ಟೆನೋವು ತಾಳದೆ ಹೋದವರು. ಅವರಲ್ಲಿ ಎಷ್ಟು ಜನ ಬಾಣಂತಿಯರು? 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ರಾಜ್ಯವೇ ಎದ್ದು ಪ್ರಶ್ನೆ ಕೇಳಿತು. ಕೇಳಲೇಬೇಕಿತ್ತು. ರಕ್ತ ಹೋಗಿ ಸತ್ತ, ನಂಜೇರಿ ಸತ್ತ, ಕೆಟ್ಟ ಔಷಧಿಗೆ ಸತ್ತ ತಾಯಿಗೆ ನಾವು ಅಳುತ್ತೇವೆ. ಮನಸ್ಸು ಕೆಟ್ಟು ಸತ್ತ ತಾಯಿಯ ಚಪ್ಪಲಿಯನ್ನು ಒಲೆಗೆ ಹಾಕುತ್ತೇವೆ. ಚಿಕ್ಕವ್ವನ ಸಾವನ್ನು ಮುಚ್ಚದೆ ಹೇಳಿದ್ದರೆ ಅವ್ವ ನನ್ನ ಹುರುಪನ್ನು ಕಂಡು ಸಂತೋಷಪಡುತ್ತಿರಲಿಲ್ಲ, ಹೆದರುತ್ತಿದ್ದಳು. ಮನೆತನದಲ್ಲಿ ಒಬ್ಬರಿಗೆ ಬಂದಿದ್ದರೆ ಇನ್ನೊಬ್ಬರಿಗೆ ಬರುವ ಸಂಭವ ಹೆಚ್ಚು ಎಂದು ಡಾಕ್ಟರಮ್ಮ ಹೇಳಿದ್ದರು. ಅವರು ಕೇಳಿದಾಗಲೂ ಅವ್ವ ‘ಯಾರಿಗೂ ಇಲ್ರಿ’ ಎಂದೇ ಬರೆಸಿದ್ದಳು.

ಮಗಳು ನನ್ನ ಕೈಗೆ ಬಂದಾಗ ಅವಳಿಗೆ ಹನ್ನೊಂದು ತಿಂಗಳು. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಹೋಗಿ, ಬೇರೆಯವರ ಕಣ್ಣೆದುರು ಒಂದು ತಾಸು ಎತ್ತಿಕೊಂಡು ಬರುತ್ತಿದ್ದೆ. ಅತ್ತೆ ಅವಳನ್ನು ಚೆನ್ನಾಗಿ ಸಾಕಿದ್ದರು, ಆ ಋಣ ನನ್ನ ಮೇಲಿದೆ. ಬೆಟಗೇರಿಯ ಮನೆಗೆ ಮತ್ತೆ ಕಾಲಿಟ್ಟ ದಿನ ಮಗಳು ಅತ್ತೆಯ ಹೆಗಲಿಗೆ ಆತು ನನ್ನನ್ನು ನೋಡಿದಳು. ಕೈ ಚಾಚಿದೆ, ಮುಖ ತಿರುಗಿಸಿದಳು. ರಾತ್ರಿ ನನ್ನ ಪಕ್ಕ ಮಲಗಿಸಿದರು, ಅತ್ತು ಅತ್ತು ನೀಲಿಗಟ್ಟಿದಳು. ಅತ್ತೆ ಬಂದು ಎತ್ತಿಕೊಂಡ ಮೇಲೆ ಸುಮ್ಮನಾದಳು. ಹೀಗೆ ಇಪ್ಪತ್ತು ರಾತ್ರಿ. ‘ನೋಡ, ಕೂಸಿಗೂ ತಿಳೀತೈತಿ’ ಎಂದು ಹೋಗಿಬರುವವರು ಹೇಳಿದರು. ಒಂದು ಮಧ್ಯಾಹ್ನ ಕರೆಂಟು ಹೋಗಿ ಮಗ್ಗ ನಿಂತವು. ಆ ದಿಢೀರ್ ನಿಶ್ಶಬ್ದಕ್ಕೆ ಬೆಚ್ಚಿ ಎದ್ದ ಮಗಳಿಗೆ ಹತ್ತಿರ ಕಂಡವಳು ನಾನೊಬ್ಬಳೇ. ತೆವಳಿಕೊಂಡು ಬಂದು ನನ್ನ ಸೀರೆಯ ನಿರಿಗೆ ಹಿಡಿದಳು.

ಮುಂದೆ ಬೇರೊಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಮಕ್ಕಳನ್ನು ಲಕ್ಕುಂಡಿಗೆ ಕರೆದುಕೊಂಡು ಹೋಗಿದ್ದೆವು, ಗದಗಿನಿಂದ ಅಷ್ಟೇನೂ ದೂರವಿಲ್ಲ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದ ಮುಂದೆ ನಿಂತು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ್ದನ್ನೂ, ರನ್ನ 993ರಲ್ಲಿ ಅಜಿತಪುರಾಣ ಬರೆದದ್ದು ಆಕೆಯ ಆಶ್ರಯದಲ್ಲಿ ಎಂಬುದನ್ನೂ ಹೇಳುತ್ತಿದ್ದೆ. ದಾನಚಿಂತಾಮಣಿ ಎಂಬ ಬಿರುದು ಮಕ್ಕಳಿಗೆ ಬಾಯಿಪಾಠ. ಒಬ್ಬ ಹುಡುಗಿ, ‘ಟೀಚರ್, ಅವರ ಮನಿಯಾಗ ಯಾರ್ಯಾರಿದ್ರು’ ಎಂದು ಕೇಳಿದಳು. ಗಂಡ ನಾಗದೇವ ಯುದ್ಧದಲ್ಲಿ ಸತ್ತಾಗ, ಅವನ ಇನ್ನೊಬ್ಬ ಹೆಂಡತಿ, ಅತ್ತಿಮಬ್ಬೆಯ ಸ್ವಂತ ತಂಗಿ ಗುಂಡಮಬ್ಬೆ, ಚಿತೆ ಏರಿದಳು. ಅಕ್ಕ ಮಗ ಅಣ್ಣಿಗದೇವನನ್ನು ಸಾಕಲು ಉಳಿದಳು. ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ಸಾವಿರ ವರ್ಷದ ಹಿಂದೆ ನಮ್ಮ ಈ ನೆಲದಲ್ಲಿ ಒಬ್ಬ ಹೆಣ್ಣಿಗೆ ಬದುಕಿ ಉಳಿಯಲು ಮಗು ಕಾರಣವಾಯಿತು. ನನ್ನ ಚಿಕ್ಕವ್ವನಿಗೂ ಮಗು ಇತ್ತು. ಮಗು ಇದ್ದರೆ ಸಾಲದು, ತಾಯಿಯನ್ನು ಹಿಡಿದು ನಿಲ್ಲಿಸುವ ಕೈ ಬೇಕು.

ತಾಯಿಯನ್ನು ದೇವರೆನ್ನುವ ಭಾಷಣಗಳನ್ನು ಪ್ರತಿ ವರ್ಷ ಮಕ್ಕಳಿಗೆ ಬರೆದುಕೊಡುವ ಕೆಲಸವೂ ಕನ್ನಡ ಟೀಚರಿನದೇ. ನಾನು ಬರೆದುಕೊಡುವುದನ್ನು ಬಿಟ್ಟಿದ್ದೇನೆ. ಅದರ ಬದಲು, ‘ನಿಮ್ಮ ಅವ್ವ ನಿನ್ನೆ ಎಷ್ಟು ತಾಸು ಮಲಗಿದಳು, ಕೇಳಿಕೊಂಡು ಬಂದು ಬರೀರಿ’ ಎನ್ನುತ್ತೇನೆ. ದೇವರಿಗೆ ನಿದ್ದೆ ಬೇಡ, ಜಡ್ಡು ಬರುವುದಿಲ್ಲ, ಸಿಟ್ಟು ಬರುವುದಿಲ್ಲ, ಎದೆ ಹಾಲು ಬತ್ತುವುದಿಲ್ಲ. ಹಾಗೆ ಗುಡಿ ಕಟ್ಟಿ ಒಳಗೆ ಕೂಡಿಸಿದವಳು ಒಂದು ದಿನ ಮನುಷ್ಯಳಾಗಿ ಕಂಡರೆ ಊರಿಗೆ ತಡೆಯಲಾಗುವುದಿಲ್ಲ, ರಾಕ್ಷಸಿ ಅನ್ನುತ್ತದೆ. ನನ್ನನ್ನು ಎರಡೂ ಹೆಸರಿನಿಂದ ಕರೆದಿದ್ದಾರೆ. ಎರಡೂ ನನಗೆ ಬೇಡ. ಖಿನ್ನತೆಯ ಲೆಕ್ಕ ನೋಡಿದರೆ ಇದು ನನ್ನೊಬ್ಬಳ ಕಥೆಯೂ ಅಲ್ಲ. ದೇಶದಲ್ಲಿ ನಡೆದ 38 ಅಧ್ಯಯನಗಳನ್ನು ಕೂಡಿಸಿ 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ನೂರು ಬಾಣಂತಿಯರಲ್ಲಿ 22 ಮಂದಿಗೆ ಖಿನ್ನತೆ ಇರುತ್ತದೆ. ನಮ್ಮ ಓಣಿಯಲ್ಲಿ ತೊಟ್ಟಿಲು ಕಟ್ಟಿದ ಪ್ರತಿ ಐದನೆಯ ಮನೆ ಎಂದು ಇಟ್ಟುಕೊಳ್ಳಿ.

2019ರಲ್ಲಿ ಎರಡನೆಯದು. ಬೇಡವೇ ಬೇಡ ಎಂದಿದ್ದೆ. ಮತ್ತೆ ಬರುವ ಸಂಭವ ಬಹಳ ಇದೆ ಎಂದು ಡಾಕ್ಟರಮ್ಮ ಮುಚ್ಚುಮರೆ ಇಲ್ಲದೆ ಹೇಳಿದರು, ತಡೆಯಲು ದಾರಿಯಿದೆ ಎಂದೂ ಹೇಳಿದರು. ಗಂಡನನ್ನೂ ಅತ್ತೆಯನ್ನೂ ಎದುರು ಕೂಡಿಸಿಕೊಂಡು ಬರೆದುಕೊಟ್ಟರು. ಹಡೆದ ದಿನದಿಂದಲೇ ಗುಳಿಗೆ. ರಾತ್ರಿ ಹತ್ತರಿಂದ ನಾಲ್ಕರವರೆಗೆ ನನ್ನನ್ನು ಎಬ್ಬಿಸಬಾರದು. ಆ ಹೊತ್ತಿನ ಹಾಲು ಬೇರೆಯವರು ಕುಡಿಸಬೇಕು. ‘ಬೇರೆಯವರು ಅಂದ್ರ ಯಾರ್ರಿ’ ಎಂದು ಅತ್ತೆ ಕೇಳಿದರು. ನಮ್ಮ ಮನೆಯವರು, ‘ನಾನು’ ಎಂದರು. ಐದು ವರ್ಷದ ಹಿಂದೆ ಜಮಖಾನೆಯ ಮೇಲೆ ಆಡದ ಮಾತನ್ನು ಅವತ್ತು ಆಡಿದರು. ಗಂಡಸು ಕೂಸಿಗೆ ಬಾಟ್ಲಿ ಹಿಡಿಯುತ್ತಾನೆ, ಹಡೆದಾಕಿ ಗೊರಕೆ ಹೊಡೆಯುತ್ತಾಳೆ ಎಂದು ಓಣಿ ಮಾತಾಡಿತು. ಅತ್ತೆಯೇ ಹೊರಗೆ ನಿಂತು, ‘ನಮ್ಮ ಸೊಸಿ ಮಲಗ್ಯಾಳ, ಸಾವಕಾಶ ಮಾತಾಡ್ರಿ’ ಎಂದರು. ಐದನೆಯ ರಾತ್ರಿ ಮಣೆಯ ಮೇಲೆ ಹಾಳೆ ಇಡುವುದು ಬೇಡ ಎಂದು ನಾನು ಕೇಳಲಿಲ್ಲ. ಅವರಾಗಿಯೇ ಇಡಲಿಲ್ಲ. ಜಡ್ಡು ಬರಲಿಲ್ಲ.

ಹೋದ ವರ್ಷ ಬ್ಯಾಸಿಗೆಗೆ ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಆಯಿ ಈಗಿಲ್ಲ. ಅದೇ ಆಶಾ ಅಕ್ಕ ಸಂಜೆ ಬಾಗಿಲಿಗೆ ಬಂದು ನಿಂತಳು. ಹಿಂದಿನ ಓಣಿಯಲ್ಲಿ ಒಬ್ಬ ಹುಡುಗಿ, ಹಡೆದು ಹನ್ನೆರಡು ದಿನ. ಮೂರು ರಾತ್ರಿಯಿಂದ ಕೂತೇ ಇದ್ದಾಳೆ, ಕೂಸನ್ನು ಯಾರ ಕೈಗೂ ಕೊಡುತ್ತಿಲ್ಲ. ‘ಮಂಗಳವಾರ ತಾಲ್ಲೂಕಾ ದವಾಖಾನಿಗೆ ಮನಸ್ಸಿನ ಡಾಕ್ಟರು ಬರ್ತಾರ, ಅಲ್ಲಿತನಕ ಹೆಂಗ ಬಿಡ್ಲಿ? ನೀ ಒಂದೀಟ ಬಾ.’ 14416ಕ್ಕೆ ಫೋನು ಹಚ್ಚಿ ಟೆಲಿಮಾನಸ್‌ನವರಿಗೆ ಎಲ್ಲಾ ಹೇಳಿದೆವು. ಮಂಗಳವಾರದ ದಾರಿ ಕಾಯಬೇಡಿ, ನಾಳೆ ಬೆಳಗ್ಗೆಯೇ ಕರೆದೊಯ್ಯಿರಿ, ಅಲ್ಲಿಯವರೆಗೆ ಕೂಸಿನ ಜೊತೆ ಒಬ್ಬಳನ್ನೇ ಬಿಡಬೇಡಿ ಎಂದರು.

ಹುಡುಗಿ ಹೊರಸಿನ ಮೂಲೆಯಲ್ಲಿ ಕೂತಿದ್ದಳು. ಕಿವಿಗೆ ಅರಳೆ, ತಲೆಗೆ ಸ್ಕಾರ್ಫು. ನಾನು ಯಾರೆಂದು ಹೇಳಿದೆ. ‘ಗುಡಿ ಮುಂದ ಕೂತಿದ್ದಾಕಿ ನಾನ’ ಎಂದೆ. ಊರಲ್ಲಿ ಆ ಸುದ್ದಿ ಕೇಳದವರಿಲ್ಲ. ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಕೂಸನ್ನು ನನ್ನ ಕೈಗೆ ಕೊಟ್ಟಳು. ಕಿಟಕಿಗೆ ಕಟ್ಟಿದ್ದ ಚೀಲವನ್ನು ಆಶಾ ಅಕ್ಕ ಬಿಚ್ಚಿದಳು, ಗಾಳಿ ಬಂತು. ಆಶಾ ಅಕ್ಕ ಅವಳ ಪಕ್ಕದಲ್ಲೇ ಕೂತಳು. ನಾನು ಕೂಸನ್ನು ಪಡಸಾಲೆಗೆ ತಂದೆ. ಬಾಟ್ಲಿಯಲ್ಲಿ ಹಾಲು ಇತ್ತು. ಮನೆಯ ಹಿರಿಯಾಕೆ ಕಂಬಕ್ಕೆ ಒರಗಿ ನನ್ನನ್ನೇ ನೋಡುತ್ತಾ ಕೂತರು. ಹತ್ತು, ಹನ್ನೊಂದು. ಹನ್ನೆರಡರ ಸುಮಾರಿಗೆ ಒಳಗಿನಿಂದ ಗೊರಕೆ ಕೇಳಿಸಿತು, ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ಕೂಸು ಒಮ್ಮೆ ಅತ್ತಿತು.

‘ಎಬ್ಬಸ್ಲೇನವಾ?’ ಎಂದರು ಅವರು, ಅರ್ಧ ಎದ್ದು.

‘ಬ್ಯಾಡ್ರಿ ಯವ್ವಾ’ ಎಂದೆ. ಬಾಟ್ಲಿ ಹಿಡಿದೆ.